ಬರಿ ನೀರಿನ ತೊಟ್ಟಿ

ನಮ್ಮೂರಿನ ಬುದ್ಧ ವಿಹಾರ ಎಂದರೆ ತಗಡಿನ ಮಾಡಿನ ಒಂದೇ ಕೋಣೆ. ಭಾನುವಾರ ಸಂಜೆ ಓಣಿಯ ಮಂದಿಯೆಲ್ಲ ಸೇರಿ, ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಕೈಮುಗಿದು ಪಂಚಶೀಲ ಹೇಳುತ್ತೇವೆ. ಅದರಲ್ಲಿ ಎಲ್ಲರಿಗಿಂತ ಗಟ್ಟಿ ದನಿ ನಮ್ಮ ಅಪ್ಪನದು. ರಾಗವಿಲ್ಲ, ಲಯವಿಲ್ಲ, ಈ ಬದುವಿನಿಂದ ಆ ಬದುವಿಗೆ ಯಾರನ್ನೋ ಕೂಗಿ ಕರೆದಂತೆ ಹೇಳುತ್ತಾನೆ. ಅವ್ವ ಮೊಣಕೈಯಿಂದ ತಿವಿದು, "ಜರಾ ಸಣ್ಣಗ ಹೇಳು, ಬುದ್ಧಗೇನು ಕಿವಿ ಮಂದ ಆಗ್ಯಾವೇನು?" ಎಂದು ಎಷ್ಟೋ ಸಲ ಗದರಿದ್ದಾಳೆ.

ಆ ವರ್ಷ, ಹತ್ತಿ ಕಾಯಿ ಕಟ್ಟುವ ಹೊತ್ತಿನ ಒಂದು ಭಾನುವಾರ, ಆ ದನಿ ಕೇಳಲಿಲ್ಲ. ಪಂಚಶೀಲದ ಮೊದಲ ಮಾತು ಪ್ರಾಣ ತೆಗೆಯುವುದರಿಂದ ದೂರ ಇರುತ್ತೇನೆ ಎಂಬುದು. ಎಲ್ಲರೂ ಹೇಳಿದರು, ಅಪ್ಪ ಹೇಳಲಿಲ್ಲ. ಎರಡನೆಯ ಮಾತಿಗೆ ಸೇರಿಕೊಂಡ. ಅವನ ಹಿಂದೆಯೇ ನಿಂತಿದ್ದ ನಾನು, ಗಂಟಲು ಕಟ್ಟಿರಬೇಕು ಎಂದುಕೊಂಡು ಸುಮ್ಮನಾದೆ. ಮುಂದಿನ ಭಾನುವಾರವೂ ಹಾಗೆಯೇ ಆಯಿತು.

ಅಪ್ಪ ಊರವರ ಹತ್ತಿ ಹೊಲಗಳಿಗೆ ಕೀಟದ ಔಷಧಿ ಹೊಡೆಯುತ್ತಿದ್ದ. ನಮ್ಮ ಕಡೆ ಅದಕ್ಕೆ ಔಷಧಿ ಎನ್ನುವವರು ಕಡಿಮೆ, ಎಣ್ಣಿ ಎನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಟವೆಲ್ ಸುತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತಿದ್ದ. ಕೆಲಸ ಮುಗಿದ ಮೇಲೆ ಎಲ್ಲರೂ ಕೆರೆಯ ದಂಡೆಯ ಚಪ್ಪಡಿ ಕಲ್ಲಿನ ಮೇಲೆ ಪಂಪು ತೊಳೆಯುವುದು ವಾಡಿಕೆ. ಆ ಭಾನುವಾರಕ್ಕೆ ಮುಂಚೆ ಒಂದು ಸಂಜೆ ಕೆಲಸದ ನಡುವೆ ಮಳೆ ಬಂದು, ಪಂಪಿನಲ್ಲಿ ಎಣ್ಣಿ ಉಳಿದುಬಿಟ್ಟಿತು. ಅಪ್ಪ ಅದನ್ನು ಕಲ್ಲಿನ ಮೇಲೆಯೇ ಚೆಲ್ಲಿ, ಪಂಪು ತೊಳೆದು ಮನೆಗೆ ಬಂದ. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದವರು ನೋಡಿದರೆ ಆ ಮೂಲೆಯ ತುಂಬಾ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಊರಲ್ಲಿ ತಲೆಗೊಂದು ಮಾತು. ಬಿಸಿಲಿಗೆ ಅಂದರು, ಹೊಸ ಮಳೆ ನೀರಿಗೆ ಅಂದರು, ಯಾರೋ ಸುಣ್ಣ ಚೆಲ್ಲಿರಬೇಕು ಅಂದರು. ಅಪ್ಪನ ಹೆಸರು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ನಾನಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಓಣಿಗೆಲ್ಲ ಗೊತ್ತು. ಆದರೆ ಹೊರಗೆ ಯಾರೂ ಅನ್ನದಿದ್ದುದನ್ನು ಅಪ್ಪ ಒಳಗೊಳಗೇ ಅಂದುಕೊಳ್ಳುತ್ತಿದ್ದ. ಎಣ್ಣಿ ಹೊಡೆಯುವ ಕೆಲಸಕ್ಕೆ ಹೋಗುವುದು ಬಿಟ್ಟ. ಊಟಕ್ಕೆ ಕೂರುವ ಮುಂಚೆ ಕೈ ತೊಳೆದುಕೊಂಡವನು, ಎದ್ದು ಹೋಗಿ ಮತ್ತೆ ತೊಳೆದುಕೊಂಡು ಬರುತ್ತಿದ್ದ.

ನಾನು ಶಹಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಬಸ್ಸು ಕೆರೆ ಏರಿಯ ಆ ತುದಿಗೆ ನಿಲ್ಲುತ್ತದೆ. ಮೊದಲೆಲ್ಲ ಅಪ್ಪ ಬಸ್ಸಿನವರೆಗೂ ಬಂದು ಕಳಿಸುತ್ತಿದ್ದ. ಈಗ ಏರಿ ಶುರುವಾಗುವ ಕಡೆಯೇ ನಿಂತುಬಿಡುತ್ತಿದ್ದ. ಒಂದು ಬೆಳಿಗ್ಗೆ ಅಲ್ಲಿಯೇ ನಿಂತು ಕೇಳಿದ.

"ಯವ್ವಾ, ನೀ ಮೀನಿಂದೆಲ್ಲ ಓದೀದಿ. ನನಗೊಂದು ಖರೇ ಹೇಳು. ಆ ಮೀನ ನಾ ಕೊಂದೆನೇನು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ವಾರದಾಗ ಎರಡು ಸಲ ಮೀನಿನ ಸಾರು ಉಣ್ಣಾವ, ಈಗ ಮೀನಿಂದು ಕೇಳ್ತಿ!" ಎಂದು ಚೇಷ್ಟೆ ಮಾಡಿದೆ.

ಅಪ್ಪ ನಗಲಿಲ್ಲ. "ತಿನ್ನಾಕ ಹಿಡಿಯೂದು ಬ್ಯಾರೆ. ಇವು ಯಾರ ಹೊಟ್ಟಿಗೂ ಹೋಗಲಿಲ್ಲಲ್ಲ" ಎಂದ.

ಆ ಮಾತು ಬಸ್ಸಿನ ದಾರಿಯುದ್ದಕ್ಕೂ ನನ್ನ ಜೊತೆಗೆ ಬಂತು. ಪುಸ್ತಕದಲ್ಲಿ ಓದಿದ್ದನ್ನೇ ಹೇಳಿಬಿಡಬಹುದಿತ್ತು. ಆ ಜಾತಿಯ ಎಣ್ಣಿ ಮೀನಿಗೆ ಆಗಿಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಎಷ್ಟು ನೀರಿಗೆ ಎಷ್ಟು ಸೇರಿದರೆ, ನಮ್ಮ ಕೆರೆಯ ಮೀನಿಗೆ, ನಮ್ಮ ಕಡೆಯ ಗಡಸು ನೀರಿನಲ್ಲಿ? ಪುಸ್ತಕದ ಮೀನು ಬೇರೆ ಊರಿನದು. ನೋಡದೆ ಹೇಳಬಾರದು ಎಂದು ಮಕ್ಕಳಿಗೆ ದಿನಾ ಪಾಠ ಮಾಡುವವಳು ನಾನು. ಅದಕ್ಕಿಂತ ಹೆಚ್ಚಾಗಿ, ಅಲ್ಲ ಎಂಬ ಉತ್ತರ ಬರಲಿ ಎಂಬ ಆಸೆ ನನಗಿತ್ತು. ಅಪ್ಪನಿಗಾಗಿ ಅಷ್ಟು ಆಸೆ ಪಡುವುದು ತಪ್ಪೇನಲ್ಲ.

ಸಂಜೆ ಬಂದು, "ಪರೀಕ್ಷೆ ಮಾಡಿ ಹೇಳ್ತೀನಿ" ಎಂದೆ. ಕಾಲೇಜಿನ ಪ್ರಯೋಗಾಲಯಕ್ಕೆ ಸಂಜೆಗೇ ಬೀಗ ಬೀಳುತ್ತದೆ, ಈ ಪರೀಕ್ಷೆಗೆ ನಾಲ್ಕು ದಿನ ಬೆಳಿಗ್ಗೆ ಸಂಜೆ ಕಣ್ಣಿಡಬೇಕು. ಹಾಗಾಗಿ ಗಾಜಿನ ತೊಟ್ಟಿಗಳನ್ನೂ ಅಳತೆಯ ನಳಿಗೆಯನ್ನೂ ಕೇಳಿ ತಂದು, ಖಾಲಿ ಬಿದ್ದಿದ್ದ ನಮ್ಮ ದನದ ಕೊಟ್ಟಿಗೆಯಲ್ಲಿ ಇಟ್ಟೆ. ನೀರಿಗೆ ಗಾಳಿ ಊದುವ ಸಣ್ಣ ಯಂತ್ರಗಳನ್ನು ಯಾದಗಿರಿಯಿಂದ ತಂದೆ. ಮೀನು ಹಿಡಿಯುವುದಕ್ಕೆ ಅವ್ವನ ಹಳೆ ಸೀರೆ. ಕೆರೆಗೆ ಹಳ್ಳ ಸೇರುವ ಕಡೆ ಮೊಣಕಾಲು ನೀರಿನಲ್ಲಿ ಅವ್ವ ಒಂದು ತುದಿ, ನಾನು ಒಂದು ತುದಿ ಹಿಡಿದು, ಸೆರಗು ಜಾಲಾಡಿಸಿದಂತೆ ಎಳೆದೆವು. ಬೆರಳುದ್ದದ ಮರಿಗಳು ಸೀರೆಯ ತುಂಬಾ ಮಿಣಮಿಣ ಕುಣಿದವು. ಅಪ್ಪ ಬರಲಿಲ್ಲ. ದೂರದ ಜಾಲಿ ಮರದ ಕೆಳಗೆ ಕೂತಿದ್ದ.

ಮರಿಗಳು ಕೆಲವು ದಿನ ದೊಡ್ಡ ಡ್ರಮ್ಮಿನಲ್ಲಿ ತೌಡು ತಿಂದುಕೊಂಡು ಹೊಸ ಜಾಗಕ್ಕೆ ಹೊಂದಿಕೊಂಡವು. ಆಮೇಲೆ ತೊಟ್ಟಿಗಳಿಗೆ ಹಂಚಿದೆ. ಒಂದರಲ್ಲಿ ಎಣ್ಣಿ ತೀರಾ ಕಡಿಮೆ, ಪಕ್ಕದ್ದರಲ್ಲಿ ಸ್ವಲ್ಪ ಹೆಚ್ಚು, ಅದರ ಪಕ್ಕದ್ದರಲ್ಲಿ ಇನ್ನೂ ಹೆಚ್ಚು. ತೀರಾ ಕಡಿಮೆ ಎಂದರೆ, ಒಂದು ಹನಿಯನ್ನು ಒಂದು ಕೊಡ ನೀರಿಗೆ ಕಲಸಿ, ಆ ಕೊಡದ ಒಂದೇ ಒಂದು ಚಮಚವನ್ನು ತೊಟ್ಟಿಗೆ ಬಿಟ್ಟ ಹಾಗೆ. ಕೊನೆಯ ತೊಟ್ಟಿಗೆ ಮಾತ್ರ ಏನೂ ಹಾಕುವುದಿಲ್ಲ, ಬರಿ ನೀರು. ಅದರಲ್ಲಿ ಮೀನು ಬದುಕಿದ್ದರೆ ಮಾತ್ರ, ಉಳಿದ ತೊಟ್ಟಿಗಳಲ್ಲಿ ಸತ್ತದ್ದು ಎಣ್ಣಿಯಿಂದ ಎಂದು ಹೇಳಬಹುದು. ಅದರಲ್ಲಿಯೂ ಸತ್ತರೆ ಇಡೀ ಪರೀಕ್ಷೆ ನೀರಿನ ಪಾಲು.

"ಎಷ್ಟು ಹಾಕಿದ್ರ ಅರ್ಧ ಮೀನ ಸಾಯ್ತಾವು, ಅದನ್ನ ಹುಡುಕೂದು" ಎಂದು ಅವ್ವನಿಗೆ ವಿವರಿಸಿದೆ.

"ಅರ್ಧ ಸಾಯೂದು ನೋಡಾಕ ಇಷ್ಟು ಓದಬೇಕಾಯ್ತೇನು ನೀ?" ಎಂದಳು.

ಅಪ್ಪನಿಗೆ ಒಂದು ಕೆಲಸ ಒಪ್ಪಿಸಿದೆ. ನಾನು ಕಾಲೇಜಿಗೆ ಹೋದಾಗ ಬರಿ ನೀರಿನ ತೊಟ್ಟಿ ನೋಡಿಕೊಳ್ಳುವುದು. ಎಣ್ಣಿಯ ತೊಟ್ಟಿಗಳ ಹತ್ತಿರ ಸುಳಿಯುವ ಹಾಗಿಲ್ಲ. ಸುಳಿಯುವ ಮನಸ್ಸೂ ಅವನಿಗೆ ಇರಲಿಲ್ಲ. ಅವುಗಳಿಗೆ ಬೆನ್ನು ಹಾಕಿ, ಬರಿ ನೀರಿನ ತೊಟ್ಟಿಗೆ ಮುಖ ಮಾಡಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಬಿಸಿಲೇರಿದರೆ ಹಸಿ ಗೋಣಿಚೀಲ ತಂದು ಮುಚ್ಚುತ್ತಿದ್ದ. "ತಂಪಾಯ್ತೇನ್ರಿ?" ಎಂದು ಮೀನುಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದನಂತೆ. ಬಹಳ ದಿನಗಳ ಮೇಲೆ ಅಪ್ಪ ಏನನ್ನಾದರೂ ಅಕ್ಕರೆಯಿಂದ ಮಾತಾಡಿಸಿದ್ದು ಕೇಳಿ ನನಗೆ ಖುಷಿಯಾಯಿತು.

ನಮ್ಮ ಕಡೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಓಣಿಯೇ ಹಬ್ಬದ ಮನೆ. ಹೊಸ ನೀರು ಬಂತೆಂದರೆ ಅದುವರೆಗೆ ಚೆನ್ನಾಗಿದ್ದ ನೀರು ತಕ್ಷಣ ಹಳೆ ನೀರಾಗುತ್ತದೆ. ಹಂಡೆ, ಕೊಡ, ಹರವಿ ಎಲ್ಲ ಖಾಲಿ ಮಾಡಿ, ಬೂದಿ ಹಚ್ಚಿ ತಿಕ್ಕಿ, ಹೊಸ ನೀರು ತುಂಬಿದರೇ ಸಮಾಧಾನ. ಬಾಗಿಲಿಗೆ ಬಂದವರಿಗೆ ಹಳೆ ನೀರು ಕೊಟ್ಟರೆ ಅವ್ವನ ಮರ್ಯಾದೆ ಹೋಗುತ್ತದೆ. ಇದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡದೆ ಕಲಿತ ವಿಷಯ.

ಪರೀಕ್ಷೆಯ ಮೂರನೆಯ ದಿನ ನಳ ಬಂತು. ನಾನು ಶಹಾಪುರದಲ್ಲಿದ್ದೆ, ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳು. ಅಪ್ಪ ಒಬ್ಬನೇ ಮನೆಯ ನೀರೆಲ್ಲ ತುಂಬಿದ. ಆಮೇಲೆ ಕೊಟ್ಟಿಗೆಗೆ ಬಂದು ಬರಿ ನೀರಿನ ತೊಟ್ಟಿ ನೋಡಿದ. ನೀರು ತುಸು ಮಬ್ಬಾಗಿತ್ತು. ಮನೆಮಂದಿಗೆಲ್ಲ ಹೊಸ ನೀರು, ಇವುಗಳಿಗೆ ಮಾತ್ರ ಹಳೇದೇ? ಕೈ ಉಜ್ಜಿ ಉಜ್ಜಿ ತೊಳೆದುಕೊಂಡು, ತಂಬಿಗೆಯಿಂದ ಹಳೆ ನೀರು ತೆಗೆದು, ಮರಿಗಳಿಗೆ ಪೆಟ್ಟಾಗದ ಹಾಗೆ ಹೊಸ ನೀರು ತುಂಬಿದ.

ಸಂಜೆ ನಾನು ಬಂದಾಗ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ. ಕೈಗಳನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟುಕೊಂಡಿದ್ದ, ಬೇರೆಯವರ ಕೈ ಇಟ್ಟುಕೊಂಡ ಹಾಗೆ. ಒಳಗೆ ಹೋದೆ. ತೀರಾ ಕಡಿಮೆ ಎಣ್ಣಿಯ ತೊಟ್ಟಿಯಲ್ಲಿ ಮರಿಗಳು ಇನ್ನೂ ಓಡಾಡುತ್ತಿದ್ದವು. ಬರಿ ನೀರಿನ ತೊಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ.

ತಲೆ ಕೆಟ್ಟುಹೋಯಿತು. ಅಷ್ಟೂ ಕೆಲಸ ಮಣ್ಣುಪಾಲು. "ಯಾರ್ ಮುಟ್ಟಿದ್ರು ಇದನ್ನ? ಎಣ್ಣಿ ಕೈಲೆ ಮುಟ್ಟಬ್ಯಾಡ ಅಂತ ಎಷ್ಟು ಸಲ ಬಡಕೋಬೇಕು ನಾ?" ಎಂದು ಕೂಗಿಕೊಂಡೇ ಹೊರಗೆ ಬಂದೆ.

ಅಪ್ಪ ತಲೆ ಎತ್ತಲಿಲ್ಲ. "ನಾನವ್ವ. ಎಣ್ಣಿ ಮುಟ್ಟಿಲ್ಲ. ಸಾಬಾಣ ಹಚ್ಚಿ ತೊಳಕೊಂಡಿದ್ದೆ. ಹೊಸ ನೀರ್ ಹಾಕೀನಿ, ಅಷ್ಟ" ಎಂದ. ಅಂಗೈ ನೋಡಿಕೊಂಡು, "ನನ್ನ ಕೈಯಾಗೇ ಐತಿ ನೋಡು ವಿಷ. ಎಷ್ಟ್ ತೊಳದ್ರೂ ಹೋಗವಲ್ದು" ಎಂದ.

ಅಪ್ಪ ಅಷ್ಟು ಚಿಕ್ಕವನಾಗಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ. ಅಪ್ಪ ಕೊಸರಿಕೊಂಡ, "ಮುಟ್ಟಬ್ಯಾಡ" ಎಂದ. ನಾನು ಬಿಡಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದ ಕೈ, ಇವತ್ತು ನನ್ನಿಂದ ಬಚ್ಚಿಟ್ಟುಕೊಂಡರೆ ಬಿಡುತ್ತೇನೆಯೇ?

ತೊಟ್ಟಿಯ ನೀರನ್ನು ಲೋಟದಲ್ಲಿ ತಂದು ಅವನ ಮೂಗಿಗೆ ಹಿಡಿದೆ. ಬ್ಲೀಚಿಂಗ್ ಪುಡಿಯ ವಾಸನೆ ಗಪ್ಪನೆ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ವಾಂತಿಭೇದಿಯ ಜಡ್ಡು ಬರಬಾರದೆಂದು ನೀರಿನ ಟಾಕಿಗೆ ಅದನ್ನು ಹಾಕುತ್ತಾರೆ. ಅದು ಹಾರಿಹೋಗಲಿ ಎಂದೇ ನಾನು ಪರೀಕ್ಷೆಯ ನೀರನ್ನು ಅಗಲ ಬಾಯಿಯ ತೊಟ್ಟಿಯಲ್ಲಿ ದಿನಗಟ್ಟಲೆ ಬಿಸಿಲಿಗೆ ಇಟ್ಟು ಹಳೆಯದು ಮಾಡಿದ್ದೆ.

"ಅದೇ ನೀರ್ ನಾವೂ ಕುಡದೀವಲ್ಲ, ನಾವು ಸತ್ತೇವೇನು?" ಎಂದ ಅಪ್ಪ. ನ್ಯಾಯವಾದ ಪ್ರಶ್ನೆ.

"ನಾವು ಗುಟುಕು ಗುಟುಕು ಕುಡಿತೀವಪ್ಪ. ಅವು ಉಸಿರಾಡೂದೇ ನೀರಾಗ. ಬ್ಲೀಚಿಂಗ್ ಮೊದಲ ಉಸಿರಿನ ಜಾಗಾನ ಸುಡತೈತಿ."

ಅಷ್ಟರಲ್ಲಿ ಹೊಲದಿಂದ ಬಂದ ಅವ್ವ ಎಲ್ಲ ಕೇಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಂಗಾದ್ರ ಹಳೇ ನೀರ್ ಅವಕ್ಕ ಒಳ್ಳೇದೇನು? ಇದನ್ನ ಮೊದಲ ಹೇಳಬೇಕಿಲ್ಲೇನು ನಮಗ? ನಾ ಮನ್ಯಾಗಿದ್ರೂ ಹೊಸ ನೀರೇ ಹಾಕ್ತಿದ್ದೆ" ಎಂದು ನನ್ನ ಮೇಲೆಯೇ ಏರಿ ಬಂದಳು. ಅವಳ ಮಾತು ಕೇಳಿ ಅಪ್ಪ ಮೊದಲ ಸಲ ತಲೆ ಎತ್ತಿದ. ತಾನೊಬ್ಬನೇ ಅಲ್ಲ, ಓಣಿಯ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು ಎಂಬುದು ಅವನಿಗೆ ಆಗ ಹೊಳೆದಿರಬೇಕು.

ಆದರೂ ಮಾತಿನಿಂದ ಹೋಗುವ ಭಯ ಅದಲ್ಲ ಎಂದು ನನಗೆ ಗೊತ್ತಿತ್ತು. ಹೊಸದಾಗಿ ಮರಿ ಹಿಡಿದು, ನೀರು ಹಳೆಯದು ಮಾಡಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಒಂದು ಬದಲಾವಣೆ. "ಬರಿ ನೀರಿನ ತೊಟ್ಟಿಗಿ ನೀರ್ ನೀನೇ ಹಾಕಬೇಕು, ಮೀನ ನೀನೇ ಕೈಯಾರ ಬಿಡಬೇಕು" ಎಂದೆ. ಅಪ್ಪ ಒಲ್ಲೆ ಎಂದ. ಹಟ ಅವನಿಂದಲೇ ನನಗೆ ಬಂದದ್ದು, ಹಾಗಾಗಿ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವ್ವ, "ಒಲ್ಲೆಂದ್ರ ನಾಳಿ ನೀ ಕಲಸಿದ ಅನ್ನಾನೂ ನಾ ಉಣ್ಣಂಗಿಲ್ಲ, ನಿನ್ನ ಕೈಯಾಗ ವಿಷ ಐತೆಂತಲ್ಲ" ಎಂದು ಮುಖ ತಿರುಗಿಸಿದಳು. ಅಪ್ಪ ಎದ್ದ. ಬೊಗಸೆಯಲ್ಲಿ ಒಂದೊಂದೇ ಮರಿಯನ್ನು ತಂದು ತೊಟ್ಟಿಗೆ ಬಿಟ್ಟ.

ಆ ನಾಲ್ಕು ದಿನ ನಾನು ನೋಡಿದ್ದು ಎರಡು ಪರೀಕ್ಷೆ. ಒಂದು ಎಣ್ಣಿಯದು. ಹೆಚ್ಚು ಎಣ್ಣಿಯ ತೊಟ್ಟಿಗಳಲ್ಲಿ ಮರಿಗಳು ಮೊದಲು ಹುಚ್ಚು ಹಿಡಿದ ಹಾಗೆ ಓಡಾಡಿದವು, ಗಾಜಿಗೆ ಬಡಿದುಕೊಂಡವು, ಮೇಲೆ ಬಂದು ಗಾಳಿ ಗುಟುಕರಿಸಿದವು, ಓರೆಯಾಗಿ ತೇಲಿದವು. ಸತ್ತ ಮರಿಗಳನ್ನು ಸೋಸುವ ಜಾಳಿಗೆಯಿಂದ ತೆಗೆದೆ. ಮೀನು ಕೊಯ್ದು ಪಾಠ ಮಾಡುವವಳು ನಾನು, ಇದೆಲ್ಲ ನನಗೆ ಹೊಸದಲ್ಲ ಎಂದುಕೊಂಡೇ ತೆಗೆಯುತ್ತಿದ್ದೆ. ತೀರಾ ಕಡಿಮೆ ಎಣ್ಣಿಯ ತೊಟ್ಟಿಯಲ್ಲಿಯೂ ನಾಲ್ಕನೆಯ ದಿನದ ಕೊನೆಗೆ ಅರ್ಧದಷ್ಟು ಸತ್ತವು. ಇನ್ನೊಂದು ಪರೀಕ್ಷೆ ಅಪ್ಪನ ಕೈಯದು. ಬರಿ ನೀರಿನ ತೊಟ್ಟಿಯಲ್ಲಿ ಒಂದೂ ಸಾಯಲಿಲ್ಲ. ಅಪ್ಪ ಪ್ರತಿ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಬಂದು, ನಾನು ಒಳಗೆ ಹೋಗಿ ನೋಡುವವರೆಗೂ ಬಾಗಿಲಲ್ಲೇ ನಿಂತು, "ಅದಾವೇನವ್ವ?" ಎಂದು ಕೇಳುತ್ತಿದ್ದ. "ಅದಾವಪ್ಪ" ಎಂದ ಮೇಲೆಯೇ ಒಳಗೆ ಕಾಲಿಡುತ್ತಿದ್ದ.

ಕೊನೆಯ ದಿನ ಮೂವರೂ ಕೊಟ್ಟಿಗೆಯಲ್ಲಿ ಕೂತೆವು. ಅಪ್ಪ ಕೇಳಿದ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಸುಳ್ಳು ಹೇಳುವ ಮನಸ್ಸು ನನಗೆ ಆಗಲಿಲ್ಲವೆಂದಲ್ಲ. ಒಂದು ಚಮಚದ ಲೆಕ್ಕದಲ್ಲಿ ಇಷ್ಟು ಸಾಯುವಾಗ, ಪಂಪಿನಲ್ಲಿ ಉಳಿದದ್ದರಿಂದ ಸಾಯದೆ ಇರುವುದು ಎಲ್ಲಿಯ ಮಾತು! ಆದರೆ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಎಣ್ಣಿಯಿಂದ ಸತ್ತಾವಪ್ಪ. ನೀ ಚೆಲ್ಲಿದ ಎಣ್ಣಿಯಿಂದನೇ ಇರಬೇಕು" ಎಂದೆ. "ಆದ್ರ ಕೈಯಾಗೇನೂ ಇಲ್ಲ. ಅದನ್ನೂ ನೋಡೀನಿ. ನಿನ್ನ ಕೈಲೆ ಬಿಟ್ಟವು ಒಂದೂ ಸತ್ತಿಲ್ಲ."

ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. "ಗೊತ್ತಿತ್ತವ್ವ ನನಗ. ನಿನ್ನ ಬಾಯಲೆ ಕೇಳಬೇಕಿತ್ತು" ಎಂದ. ಆಮೇಲೆ, "ಇನ್ ಹೆಂಗ ಶೀಲ ಹೇಳಲಿ ನಾ?" ಎಂದ.

ಅವ್ವ ಸಿಡಿದಳು. "ಅದು ಮಾಡಿಲ್ಲಂತ ಹೇಳೂದಲ್ಲ, ಇನ್ ಮ್ಯಾಲ ಮಾಡಂಗಿಲ್ಲಂತ ಹೇಳೂದು. ಇಷ್ಟ್ ವರ್ಷ ಒದರಿದ್ರೂ ತಿಳೀಲಿಲ್ಲೇನು?" ಎಂದವಳು, ಹಾಗೆ ಬೈಯುತ್ತಲೇ ಅವನ ಬೆನ್ನು ಸವರಿದಳು.

ಮರುದಿನ ಅಪ್ಪ ಬರಿ ನೀರಿನ ತೊಟ್ಟಿಯ ಮರಿಗಳನ್ನು ಕೊಡಕ್ಕೆ ತುಂಬಿಕೊಂಡು ಕೆರೆಗೆ ಹೊರಟ. ಎಷ್ಟೋ ದಿನಗಳ ಮೇಲೆ ಏರಿಯ ಮೇಲೆ ಕಾಲಿಟ್ಟ. ಚಪ್ಪಡಿ ಕಲ್ಲಿನ ಹತ್ತಿರ ಹೋಗಲಿಲ್ಲ, ಹಳ್ಳ ಸೇರುವ ಕಡೆಗೆ ಹೋಗಿ ಕೊಡವನ್ನು ನೀರಿನಲ್ಲಿ ನಿಧಾನ ಓರೆ ಮಾಡಿದ. ಒಂದು ಮರಿ ಕೊಡದ ತಳದಲ್ಲೇ ಉಳಿಯಿತು. ಕೈ ಹಾಕಿ ಬೊಗಸೆಯಲ್ಲಿ ತೆಗೆದು, ಬೊಗಸೆಯನ್ನು ಕೆರೆಯಲ್ಲಿ ಮುಳುಗಿಸಿ ಬೆರಳು ಬಿಡಿಸಿದ. "ಹೋಗಿ ಬರ್ರಿ" ಎಂದ, ನನ್ನನ್ನು ಬಸ್ಸು ಹತ್ತಿಸುವಾಗಿನ ದನಿಯಲ್ಲೇ. ಆ ವಾರ ಕೆರೆಯಿಂದ ದೂರದ ಬೀಳು ನೆಲದಲ್ಲಿ ಪಂಪು ತೊಳೆಯಲು ಗುಂಡಿ ತೋಡಿದ. ಎಣ್ಣಿ ಹೊಡೆಯುವವರ ಮನೆ ಮನೆಗೆ ಹೋಗಿ, ಗುನ್ನೆ ನನ್ನದೇ ಎಂದು ತಾನೇ ಹೇಳಿಕೊಂಡು, ಕಲ್ಲಿನ ಮೇಲೆ ತೊಳೆಯಬೇಡಿ ಎಂದು ಬಂದ.

ಭಾನುವಾರ ಸಂಜೆ ವಿಹಾರದಲ್ಲಿ ನಾನು ಮೊದಲಿನ ಹಾಗೆ ಅಪ್ಪನ ಹಿಂದೆ ನಿಂತೆ. ಕಿವಿಯೆಲ್ಲ ಅವನ ಕಡೆಗೇ. ಮೊದಲ ಮಾತು ಶುರುವಾಯಿತು. ಅಪ್ಪನ ದನಿ ಬಂತು, ಹಿಂದಿನಷ್ಟು ಗಟ್ಟಿಯಾಗಿ ಅಲ್ಲ, ಆದರೂ ಬಂತು. ನನ್ನ ಎದೆ ತುಂಬಿತು. ಅವನ ಜೊತೆ ಹೇಳಬೇಕೆಂದು ಬಾಯಿ ತೆರೆದೆ. ಜಾಳಿಗೆಯಲ್ಲಿ ಎತ್ತಿ ಹಾಕಿದ ಮರಿಗಳು ಕಣ್ಣ ಮುಂದೆ ಬಂದವು. ಅವೂ ಯಾರ ಹೊಟ್ಟೆಗೂ ಹೋಗಿರಲಿಲ್ಲ. ಅಪ್ಪನಿಗೆ ಉತ್ತರ ಬೇಕಿತ್ತು, ನನಗೆ ಅಪ್ಪ ಬೇಕಿದ್ದ, ಅವು ಸತ್ತವು. ನನ್ನ ದನಿ ಹೊರಡಲಿಲ್ಲ.

ಎಲ್ಲರೂ ಎರಡನೆಯ ಮಾತಿಗೆ ಹೋದರು. ಅಪ್ಪ ಮಾತ್ರ ಹೋಗಲಿಲ್ಲ. ಹಿಂದಿನಿಂದ ನನ್ನ ದನಿ ಬರಲಿಲ್ಲವೆಂದು ಅವನಿಗೆ ಗೊತ್ತಾಗಿಬಿಟ್ಟಿತ್ತು. ತಿರುಗಿ ನನ್ನನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಬಂದು, ಮುಗಿದಿದ್ದ ನನ್ನ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. "ಹೇಳವ್ವ, ನಾನೂ ಹೇಳ್ತೀನಿ" ಎಂದು, ಮೊದಲ ಮಾತನ್ನು ನನಗಾಗಿ ಮತ್ತೊಮ್ಮೆ, ಸಣ್ಣ ದನಿಯಲ್ಲಿ ಶುರು ಮಾಡಿದ.